ಸೆಕೆ ತಡೆಯೋ ಶಕ್ತಿ ರಕ್ತದಲ್ಲಿ ಬರುತ್ತಾ, ರೂಢಿಯಲ್ಲಿ ಬರುತ್ತಾ? ಹುಳು ಏನು ಹೇಳುತ್ತೆ?

ಕೊಪ್ಪಳದ_ಸೊಸೆ
ನಾನು ಶಿರಸಿ ಕಡೆಯವಳು. ಮದುವೆಯಾಗಿ ಕೊಪ್ಪಳಕ್ಕೆ ಬಂದು ಆರು ವರ್ಷ ಆಯಿತು. ಏಪ್ರಿಲ್ ಬಂತೆಂದರೆ ಮನೆಯಲ್ಲಿ ಫ್ಯಾನಿನ ರೆಗ್ಯುಲೇಟರ್ ವಿಷಯಕ್ಕೆ ಜಗಳ ಶುರು. ಅತ್ತೆಯ ತವರು ಮಾನ್ವಿ. ಹೊರಗೆ 42 ಡಿಗ್ರಿ ಇದ್ದರೂ ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿದು ಏಳುತ್ತಾರೆ. ರಾತ್ರಿ ಫ್ಯಾನ್ 2 ದಾಟಿದರೆ ಮೈ ಕೈ ಹಿಡಿಯುತ್ತೆ ಅಂತಾರೆ. ನನಗೆ 5ರಲ್ಲಿಟ್ಟು ಪಕ್ಕದಲ್ಲಿ ಕೂಲರ್ ಓಡಿಸಿದರೂ ನಿದ್ದೆ ಇಲ್ಲ.

ಯಜಮಾನರ ವಾದ: "ಅದು ಹುಟ್ಟಿನಿಂದ ಬಂದದ್ದು, ಮಲೆನಾಡಿನವರಿಗೆ ಆಗಲ್ಲ." ನನ್ನ ವಾದ: ಎಲ್ಲ ರೂಢಿ. ಮೊನ್ನೆ ಬಿ.ಎಸ್ಸಿ. ಓದೋ ಮೈದುನನ ಮಗ ಬಂದಿದ್ದ. ಮಣ್ಣಿನಲ್ಲಿರೋ ಒಂದು ಪುಟ್ಟ ದುಂಡುಹುಳು ತಾನು ಎಷ್ಟು ಡಿಗ್ರಿಯಲ್ಲಿ ಬೆಳೆಯಿತೋ ಅದನ್ನು ನೆನಪಿಟ್ಟುಕೊಂಡು ಆ ಕಡೆಗೇ ಹೋಗುತ್ತೆ ಅಂದ. ನಾನು ಗೆದ್ದೆ ಅಂತ ಕುಣಿದೆ. ಆಮೇಲೆ ಮೆಲ್ಲಗೆ ಹೇಳಿದ: "ಆದರೆ ಅದೇ ಹುಳುವಿನ ಬೇರೆ ಬೇರೆ ತಳಿ ಬೇರೆ ಬೇರೆ ಥರ ಮಾಡುತ್ತವೆ, ಅದು ಜೀನ್‌ನಲ್ಲಿ ಇದೆ." ಈಗ ಯಜಮಾನರು ಕುಣಿಯುತ್ತಿದ್ದಾರೆ. ಗೊತ್ತಿದ್ದವರು ಬಿಡಿಸಿ ಹೇಳಿ. ಹುಳುವಿನ ಕಥೆ ನಿಜವಾ?

ಮಿರ್ಚಿ_ಮಂಡಕ್ಕಿ
ನಮ್ಮಲ್ಲಿ ಇರೋದೇ ಎರಡು ಕಾಲ. ಬೇಸಿಗೆ, ಆಮೇಲೆ ಕಡು ಬೇಸಿಗೆ. ಇದಕ್ಕೆ ಹುಳ ಯಾಕೆ ಬೇಕು?

ಸಿಂಧನೂರಿನವ
ನಿಜ. ನಾನು ನಾಲ್ಕು ವರ್ಷ ಆ ಹುಳುವಿನ ಜೊತೆಗೇ ಸಂಸಾರ ಮಾಡಿದವನು, ಹೇಳ್ತೀನಿ ಕೇಳಿ.

ಹುಳುವಿನ ಹೆಸರು ಸಿ. ಎಲೆಗನ್ಸ್. ಉದ್ದ ಒಂದು ಮಿಲಿಮೀಟರ್. ಕೊಳೆತ ಹಣ್ಣು, ಗೊಬ್ಬರದಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುತ್ತೆ. ನಮಗೂ ಬೆಳೆಗೂ ಏನೂ ತೊಂದರೆ ಮಾಡಲ್ಲ. ಮೈತುಂಬಾ ಹುಡುಕಿದರೂ 302 ನರಕೋಶ, ಅಷ್ಟೇ.

ಪ್ರಯೋಗ ಹೀಗೆ. ಅಂಗೈ ಅಗಲದ ತಟ್ಟೆಯಲ್ಲಿ ಅಗಾರ್ (ಜೆಲ್ಲಿ ಥರದ್ದು) ಹಾಕಿ ಹೆಪ್ಪುಗಟ್ಟಿಸಿರುತ್ತೇವೆ. ತಟ್ಟೆಯ ನಡುಭಾಗಕ್ಕೆ ಗಡ್ಡೆಕಟ್ಟಿದ ಅಸಿಟಿಕ್ ಆಸಿಡ್ ಇರೋ ಸಣ್ಣ ಬಾಟಲಿ ತಾಗಿಸಿ ಇಡೋದು. ಅದು ಪೂರ್ತಿ ಕರಗೋ ತನಕ 16-17 ಡಿಗ್ರಿಯಲ್ಲೇ ನಿಂತಿರುತ್ತೆ. ಹಾಗಾಗಿ ತಟ್ಟೆಯ ನಡುವೆ 17, ಅಂಚಿಗೆ ಹೋದಂತೆ 25. ಈಗ 20 ಡಿಗ್ರಿಯಲ್ಲಿ ಹೊಟ್ಟೆ ತುಂಬಾ ತಿಂದು ಬೆಳೆದ ಒಂದೇ ಒಂದು ಹುಳು ಬಿಡಿ. ಒಂದು ಗಂಟೆ ಬಿಟ್ಟು ಅದನ್ನು ಎತ್ತಿ ತೆಗೆದು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಗಾರ್ ಮೇಲೆ ಅದು ಹರಿದ ಗೀರು ಕಾಣುತ್ತೆ. ಮೊದಲು ಸ್ವಲ್ಪ ಅಡ್ಡಾದಿಡ್ಡಿ. ಆಮೇಲೆ ಬಳೆ ಇಟ್ಟು ಗೆರೆ ಎಳೆದ ಹಾಗೆ ಗುಂಡಗೆ, ಸುತ್ತು ಮೇಲೆ ಸುತ್ತು. ಆ ಗುಂಡು ಗೆರೆ ಇರೋ ಜಾಗದ ಬಿಸಿ ಸುಮಾರು 20. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು, ಸುಳ್ಳು ಹೇಳಲ್ಲ.

15ರಲ್ಲಿ ಬೆಳೆಸಿದರೆ ಬಳೆ ಒಳಗೆ ಬರುತ್ತೆ, 25ರಲ್ಲಿ ಬೆಳೆಸಿದರೆ ಅಂಚಿಗೆ. ಬೆಳೆದ ಹುಳುವನ್ನು ಬೇರೆ ಬಿಸಿಯಲ್ಲಿ ಕೆಲವು ಗಂಟೆ ಇಟ್ಟರೆ ಹೊಸದನ್ನು ಕಲಿಯುತ್ತೆ. ಇದನ್ನು ಹೆಜ್‌ಕಾಕ್, ರಸೆಲ್ ಅನ್ನೋ ಇಬ್ಬರು 1975ರಲ್ಲೇ ಬರೆದಿದ್ದಾರೆ. ಸೋ ಸೊಸೆಯವರೇ, ಅರ್ಧ ಗೆದ್ದಿರಿ.

ರಾಯಚೂರು_ಮೇಷ್ಟ್ರು
ಒಂದು ಮುಖ್ಯ ಮಾತು ಬಿಟ್ಟಿರಿ. ಆ ಬಿಸಿಯಲ್ಲಿ ಅದಕ್ಕೆ ಊಟ ಸಿಕ್ಕಿರಬೇಕು. 20 ಡಿಗ್ರಿಯಲ್ಲಿ ಉಪವಾಸ ಕೆಡವಿದ ಹುಳು 20ರ ಕಡೆ ಒಲಿಯಲ್ಲ. ಅಂದರೆ ಅದು ನೆನಪಿಡೋದು ಬರೀ ಬಿಸಿಯನ್ನಲ್ಲ, ಉಂಡ ಊರಿನ ಬಿಸಿಯನ್ನು.

ಇನ್ನೊಂದು. ಬಿಸಿ ಅಳೆಯೋ ಮುಖ್ಯ ನರಕೋಶಗಳು ಬರೀ ಎರಡು, ತಲೆಯ ಎಡಕ್ಕೊಂದು ಬಲಕ್ಕೊಂದು. ಎಎಫ್‌ಡಿ ಅಂತ ಹೆಸರು. 1995ರಲ್ಲಿ ಜಪಾನಿನ ಮೋರಿ ಮತ್ತು ಒಶಿಮಾ ಇವನ್ನು ಲೇಸರ್‌ನಿಂದ ಸುಟ್ಟು ನೋಡಿದರು. ಹುಳು ಓಡಾಡುತ್ತೆ, ಆದರೆ ಬಳೆ ಬಿಡಿಸೋದು ಮರೆತುಹೋಗುತ್ತೆ. ಒಂದು ಡಿಗ್ರಿಯ ನೂರನೇ ಒಂದು ಪಾಲು ವ್ಯತ್ಯಾಸವೂ ಈ ಕೋಶಕ್ಕೆ ಗೊತ್ತಾಗುತ್ತೆ. ನಮ್ಮ ಕಾಲೇಜಿನ ಥರ್ಮಾಮೀಟರ್‌ಗೆ ಒಂದು ಪೂರ್ತಿ ಡಿಗ್ರಿಯೇ ಗೊತ್ತಾಗಲ್ಲ.

ಕೊಪ್ಪಳದ_ಸೊಸೆ
"ಉಂಡ ಊರಿನ ಬಿಸಿ" ಅನ್ನೋದನ್ನು ಅತ್ತೆಗೆ ಓದಿ ಹೇಳಿದೆ. "ಹಂಗಾದರೆ ಆರು ವರ್ಷ ನಾನು ನಿನಗೆ ಹಾಕಿದ್ದು ಊಟ ಅಲ್ವಾ?" ಅಂದರು 😐

ಬಳ್ಳಾರಿ_ಬಿಸಿಲು
ಅತ್ತೆಗೆ ಒಂದು ನಮಸ್ಕಾರ ತಿಳಿಸಿ.

ಆದರೂ ನಾನು ಯಜಮಾನರ ಕಡೆ. ತಳಿ ತಳಿಗೆ ವ್ಯತ್ಯಾಸ ಇದೆ ಅಂದಮೇಲೆ ಮುಗೀತಲ್ಲ? ನಾವು ಬಿಸಿಲು ನಾಡಿನ ತಳಿ. ನಮ್ಮಜ್ಜ ಮೇ ತಿಂಗಳಲ್ಲಿ ತಲೆಗೆ ಟವೆಲ್ ಕೂಡ ಇಲ್ಲದೆ ಹೊಲದಲ್ಲಿ ನಿಲ್ಲುತ್ತಿದ್ದ. ಇದು ರಕ್ತ.

ರಾಯಚೂರು_ಮೇಷ್ಟ್ರು
ನಿಮ್ಮಜ್ಜ ಬೆಂಗಳೂರಲ್ಲಿ ಬೆಳೆದಿದ್ದರೆ ನಿಲ್ಲುತ್ತಿದ್ದರಾ? ಗೊತ್ತಿಲ್ಲ ಅಲ್ವಾ? ಅಜ್ಜನ ರಕ್ತವೂ ಬಳ್ಳಾರಿಯದ್ದು, ಬಿಸಿಲೂ ಬಳ್ಳಾರಿಯದ್ದು. ಎರಡನ್ನೂ ಒಟ್ಟಿಗೆ ಕಲಸಿಟ್ಟು ಇದು ರಕ್ತ ಅಂದರೆ ಹೇಗೆ?

ಸಿಂಧನೂರಿನವ
ಮೇಷ್ಟ್ರು ಗಂಟಿಗೆ ಕೈ ಹಾಕಿದರು. ಹುಳುವಿನಲ್ಲಿ ಈ ಕಲಸಿದ್ದನ್ನು ಬಿಡಿಸಬಹುದು. ಅದಕ್ಕೇ ಜನ ಅದರ ಹಿಂದೆ ಬಿದ್ದಿರೋದು.

ಈ ಹುಳು ತನಗೆ ತಾನೇ ಗಂಡೂ ಹೌದು ಹೆಣ್ಣೂ ಹೌದು. ಒಂಟಿಯಾಗಿ ಮುನ್ನೂರರಷ್ಟು ಮೊಟ್ಟೆ ಇಡುತ್ತೆ. ಒಂದು ಹುಳುವಿನಿಂದ ಶುರು ಮಾಡಿ ಕೆಲವು ತಲೆಮಾರು ಬಿಟ್ಟರೆ ಇಡೀ ವಂಶ ಒಂದೇ ಅಚ್ಚಿನ ಇಟ್ಟಿಗೆ. ಈಗ ಒಂದೊಂದು ದೇಶದಿಂದ ತಂದ ತಳಿಯನ್ನು ಎಲ್ಲ ಒಂದೇ ಡಬ್ಬಿಯಲ್ಲಿ, ಒಂದೇ ಬಿಸಿಯಲ್ಲಿ, ಒಂದೇ ಬ್ಯಾಕ್ಟೀರಿಯಾ ತಿನ್ನಿಸಿ ಬೆಳೆಸಿ. ಆಮೇಲೆ ತಟ್ಟೆಗೆ ಬಿಡಿ. ರೂಢಿ ಎಲ್ಲರದ್ದೂ ಒಂದೇ. ಆದರೂ ನಡತೆಯಲ್ಲಿ ವ್ಯತ್ಯಾಸ ಕಂಡರೆ ಅದು ಹುಟ್ಟಿನದ್ದು.

ಟೊರೊಂಟೊ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನು ಎಲೆಗನ್ಸ್‌ನ ದಾಯಾದಿ ಸಿ. ಬ್ರಿಗ್ಸೆ ಮೇಲೆ ಮಾಡಿದರು. ಬ್ರಿಗ್ಸೆ ನಮಗೆ ಹತ್ತಿರದ್ದು. ಜಗತ್ತಿನ ಲ್ಯಾಬುಗಳಲ್ಲಿ ಇರೋ ಅದರ ಮುಖ್ಯ ತಳಿ ಎಎಫ್16 ಸಿಕ್ಕಿದ್ದೇ ಅಹಮದಾಬಾದ್‌ನಲ್ಲಿ. ಬಿಸಿ ನಾಡಿನ ಬ್ರಿಗ್ಸೆ ತಳಿಗಳು ಹೆಚ್ಚು ಸೆಕೆಯಲ್ಲಿ ಜಾಸ್ತಿ ಮರಿ ಹಾಕುತ್ತವೆ, ಜಪಾನಿನಂಥ ತಂಪು ಸೀಮೆಯವು ತಂಪಿನಲ್ಲಿ ಜಾಸ್ತಿ. ಇದು ಅದಕ್ಕೂ ಮೊದಲೇ, 2011ರಲ್ಲೇ ಗೊತ್ತಾಗಿತ್ತು.

ಬಳ್ಳಾರಿ_ಬಿಸಿಲು
ನೋಡಿ! ನಾನು ಹೇಳಿದ್ದು ಇದನ್ನೇ!!

ಸಿಂಧನೂರಿನವ
ಅಣ್ಣಾ ಪೂರ್ತಿ ಓದಿ. ಮರಿ ಹಾಕೋದು ಒಂದು, ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸೋದು ಇನ್ನೊಂದು. 2013ರ ಕೆಲಸದಲ್ಲಿ ಬ್ರಿಗ್ಸೆಯೂ ಹೆಚ್ಚುಕಡಿಮೆ ಎಲೆಗನ್ಸ್ ಥರವೇ ತಾನು ಬೆಳೆದ ಬಿಸಿಯ ಕಡೆ ವಾಲಿತು. ತಳಿ ತಳಿ ನಡುವೆ ಮಾತ್ರ ನಡತೆ ಒಂದೇ ಥರ ಇರಲಿಲ್ಲ. ಸುಮಾರಾಗಿ ಮೂರು ಬಗೆಯ ನಡತೆ ಕಂಡಿತು. ಆ ವ್ಯತ್ಯಾಸ ವಂಶಪಾರಂಪರ್ಯ. ಮಜಾ ಇರೋದು ಮುಂದೆ. ಒಂದೇ ಜಾತಿಯೊಳಗಿನ ತಳಿಗಳ ವ್ಯತ್ಯಾಸ, ಎಷ್ಟೋ ಸಲ ಎರಡು ಜಾತಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು! ಜಾತಿ ಅಂದರೆ ಹುಳುವಿನ ಜಾತಿ ರೀ, ಇಲ್ಲಿ ಬೇರೆ ಜಗಳ ತೆಗೀಬೇಡಿ.

ಮಿರ್ಚಿ_ಮಂಡಕ್ಕಿ
ತೆಗೆಯೋಕೆ ಹೊರಟಿದ್ದೆ. ತಪ್ಪಿಸಿಬಿಟ್ರಿ.

ಹಟ್ಟಿ_ಎರಡನೇ_ಶಿಫ್ಟ್
ನಾನು ಚಿನ್ನದ ಗಣಿಯಲ್ಲಿ ಕೆಲಸ ಮಾಡೋನು. ಕೆಳಗೆ ಇಳಿದಷ್ಟೂ ಬಿಸಿ, ಅದು ಎಲ್ಲರಿಗೂ ಗೊತ್ತು. ಅಲ್ಲಿ ಕಲ್ಲಿನ ಸಂದಿಯ ನೀರಿನಲ್ಲೂ ಇಂಥ ಹುಳ ಇರುತ್ತಾ? ಸುಮ್ನೆ ಕುತೂಹಲ.

ರಾಯಚೂರು_ಮೇಷ್ಟ್ರು
ಹಟ್ಟಿಯಲ್ಲಿ ಯಾರಾದರೂ ಹುಡುಕಿದ್ದನ್ನು ನಾನು ಕೇಳಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಸಿಕ್ಕಿದೆ. 2011ರಲ್ಲಿ ಸುದ್ದಿಯಾಯಿತು. ನೆಲದಿಂದ 1.3 ಕಿಲೋಮೀಟರ್ ಕೆಳಗೆ, ಸುಮಾರು 37 ಡಿಗ್ರಿ ನೀರಿನಲ್ಲಿ. ಹೆಸರು ಹ್ಯಾಲಿಸೆಫಲೋಬಸ್ ಮೆಫಿಸ್ಟೊ. ಜರ್ಮನ್ ಕಥೆಯ ಸೈತಾನನ ಹೆಸರು ಇಟ್ಟಿದ್ದಾರೆ, ಪಾತಾಳದಲ್ಲಿ ಇದ್ದಾನೆ ಅಂತ. ಆಮೇಲೆ ಅದರ ಜೀನ್‌ಗಳನ್ನು ಓದಿದಾಗ, ಬಿಸಿಗೆ ಕೆಟ್ಟ ಪ್ರೋಟೀನುಗಳನ್ನು ಸರಿ ಮಾಡೋ ಹೆಚ್‌ಎಸ್‌ಪಿ70 ಅನ್ನೋ ಜೀನ್‌ನ ಪ್ರತಿಗಳು ಬಹಳ ಇದ್ದವು. ಬಳ್ಳಾರಿಯವರು ಬೇಕಾದರೆ ಇದನ್ನು ಮನೆದೇವರು ಮಾಡಿಕೊಳ್ಳಬಹುದು.

ಹಟ್ಟಿ_ಎರಡನೇ_ಶಿಫ್ಟ್
ನಾಳೆ ಶಿಫ್ಟಿನಲ್ಲಿ ಹೇಳ್ತೀನಿ, ಯಾರೂ ನಂಬಲ್ಲ.

ದಾಳಿಂಬೆ_ತೋಟ
ಕುಷ್ಟಗಿ ಕಡೆಯವನು. ನೀವೆಲ್ಲ ಹುಳುವನ್ನು ಕೊಂಡಾಡುತ್ತಿದ್ದೀರಿ, ನನ್ನ ಹೊಟ್ಟೆ ಉರಿಯುತ್ತಿದೆ. ನನ್ನ ಮೂರು ಎಕರೆ ದಾಳಿಂಬೆಯನ್ನು ಹಾಳು ಮಾಡಿದ್ದು ಇದೇ ವಂಶದ ಹುಳು. ಬೇರು ಕಿತ್ತರೆ ಜಪಮಾಲೆ ಥರ ಗಂಟು ಗಂಟು. ನೀರು ಕೊಟ್ಟರೂ ಗಿಡ ಮಧ್ಯಾಹ್ನ ಬಾಡುತ್ತೆ, ಎಲೆ ಹಳದಿ, ಕಾಯಿ ನಿಂಬೆಹಣ್ಣಿನಷ್ಟು.

ಅದಕ್ಕಿಂತ ಬೇಸರದ ಮಾತು ಒಂದಿದೆ. ಹೋದ ವರ್ಷ ಮೇನಲ್ಲಿ ಮಣ್ಣು ಪರೀಕ್ಷೆಗೆ ಕೊಟ್ಟೆ. "ಹುಳು ಇಲ್ಲ" ಅಂತ ವರದಿ ಬಂತು. ಗಂಟು ಕಣ್ಣಿಗೆ ಕಾಣುತ್ತಿದೆ, ಹುಳು ಇಲ್ಲ ಅಂತ ಕಾಗದ! ನಾಲ್ಕು ತಿಂಗಳು ಬೇರೆ ಬೇರೆ ಔಷಧಿ ಹೊಡೆದೆ. ಇಂಥವರನ್ನು ನಂಬಿ ಕೆಟ್ಟೆ.

ಅಗ್ರಿ_ಹುಡುಗಿ
ಅಣ್ಣಾ, ಒಂದು ಕೇಳಲಾ? ಮಣ್ಣನ್ನು ಹೇಗೆ ತಗೊಂಡು ಹೋದ್ರಿ?

ದಾಳಿಂಬೆ_ತೋಟ
ಬೆಳಗ್ಗೆ ಅಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ ಕಾರಿನ ಡಿಕ್ಕಿಯಲ್ಲಿಟ್ಟೆ. ದಾರಿಯಲ್ಲಿ ಒಂದು ಮದುವೆ ಇತ್ತು. ಊಟ ಮುಗಿಸಿ ಸಂಜೆ ನಾಲ್ಕಕ್ಕೆ ಕೊಟ್ಟೆ.

ಅಗ್ರಿ_ಹುಡುಗಿ
ಅಯ್ಯೋ. ಮೇ ತಿಂಗಳ ಬಿಸಿಲಲ್ಲಿ, ಮುಚ್ಚಿದ ಡಿಕ್ಕಿಯಲ್ಲಿ ಅಷ್ಟು ಹೊತ್ತು! ಹುಳು ಬೆಂದೇ ಹೋಗಿರುತ್ತೆ.

ಪರೀಕ್ಷೆ ಹೇಗೆ ಮಾಡ್ತಾರೆ ಗೊತ್ತಾ? ಮಣ್ಣನ್ನು ಟಿಶ್ಯೂ ಕಾಗದದ ಮೇಲೆ ಹರಡಿ ಕೊಳವೆ ಇರೋ ಬಟ್ಟಲಿನಲ್ಲಿ ನೀರಿಗೆ ತಾಗಿಸಿ ಇಡ್ತಾರೆ. ಜೀವ ಇರೋ ಹುಳು ತಾನೇ ಹರಿದು ಕಾಗದ ದಾಟಿ ಕೆಳಗೆ ಇಳಿಯುತ್ತೆ. ಅದನ್ನು ಎಣಿಸೋದು. ಸತ್ತ ಹುಳು ಇಳಿಯಲ್ಲ. ಹಾಗಾಗಿ ವರದಿ ಬರೆದವರಿಗೆ ಹುಳು ಕಾಣಲೇ ಇಲ್ಲ. ಅವರೂ "ಬೇರು ತಂದಿದ್ದೀರಾ, ಮಣ್ಣು ಎಲ್ಲಿಟ್ಟಿದ್ರಿ" ಅಂತ ಕೇಳಬೇಕಿತ್ತು, ಅದು ನಿಜ.

ಮುಂದಿನ ಸಲ ಬೆಳಗ್ಗೆ ಬೇಗ ಹೋಗಿ. ಡ್ರಿಪ್ ಹನಿ ಬೀಳೋ ಕಡೆ ಒಂದು ಗೇಣು ಆಳದ ಹಸಿ ಮಣ್ಣು ತೆಗೀರಿ, ನಾಲ್ಕೈದು ಗಿಡದ್ದು ಕಲಸಿ. ಒಂದು ಹಿಡಿ ಎಳೇ ಬೇರೂ ಜೊತೆಗೆ ಹಾಕಿ. ಚೀಲವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸೀಟಿನ ಕೆಳಗೆ ನೆರಳಿನಲ್ಲಿಡಿ. ಮದುವೆ ಊಟ ಆಮೇಲೆ.

ದಾಳಿಂಬೆ_ತೋಟ
ಥೂ ನನ್ನ. ವರದಿ ಕೊಟ್ಟ ಆ ಹುಡುಗನಿಗೆ ಎಷ್ಟು ಬೈದಿದ್ದೆ.

ಹಾಗಾದರೆ ಇಷ್ಟು ಬಿಸಿಲಿಗೆ ಹೊಲದಲ್ಲೇ ಯಾಕೆ ಸಾಯಲ್ಲ ಇದು?

ಅಗ್ರಿ_ಹುಡುಗಿ
ಮೇಲಿನ ನಾಲ್ಕು ಬೆರಳು ಮಣ್ಣು ಮಾತ್ರ ಕಾಯೋದು. ಕೆಳಗೆ ಬೇರು ಇರೋ ಕಡೆ, ಅದರಲ್ಲೂ ನಿಮ್ಮ ಡ್ರಿಪ್ಪಿನ ಕೆಳಗೆ, ತಂಪಾಗಿ ಹಸಿಯಾಗಿ ಇರುತ್ತೆ. ಗಂಟುಬೇರು ಹುಳುವಿಗೆ 25ರಿಂದ 30 ಡಿಗ್ರಿ ಅಂದರೆ ಹಬ್ಬ, ಮೂರು ನಾಲ್ಕು ವಾರಕ್ಕೊಂದು ತಲೆಮಾರು. ಇದರ ಮರಿಗೂ ಬಿಸಿ ಗುರುತಿಸೋ ಶಕ್ತಿ ಭಯಂಕರ. ಒಂದು ಸೆಂಟಿಮೀಟರಿಗೆ ಡಿಗ್ರಿಯ ಸಾವಿರದ ಒಂದು ಪಾಲು ವ್ಯತ್ಯಾಸ ಇದ್ದರೂ ದಿಕ್ಕು ಹಿಡಿಯುತ್ತೆ ಅಂತ 1988ರಲ್ಲಿ ತೋರಿಸಿದ್ದಾರೆ.

ಗಂಗಾವತಿ_ಭತ್ತ
ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಮಣ್ಣು ಬೇಯಿಸಿ. ನಮ್ಮಣ್ಣ ಹಾಗೇ ಮಾಡ್ತಾನೆ. ಕರೀ ಹಾಳೆ ತಗೊಳ್ಳಿ.

ಅಗ್ರಿ_ಹುಡುಗಿ
ಎರಡು ತಪ್ಪು. ಹಾಳೆ ಪಾರದರ್ಶಕ ಇರಬೇಕು, ಕಪ್ಪಲ್ಲ. ಕಪ್ಪು ಹಾಳೆ ತಾನು ಕಾದು ಕೂರುತ್ತೆ, ಮಣ್ಣಿಗೆ ಅಷ್ಟು ಬಿಸಿ ಹೋಗಲ್ಲ. ಮತ್ತೆ ಇದು ಗಿಡ ನೆಡೋಕೆ ಮೊದಲು, ಇಲ್ಲಾ ಸಸಿಮಡಿಗೆ. ಮಣ್ಣಿಗೆ ನೀರು ಬಿಟ್ಟು, ಹಾಳೆ ಬಿಗಿಯಾಗಿ ಹಾಸಿ, ಏಪ್ರಿಲ್ ಮೇನಲ್ಲಿ ನಾಲ್ಕರಿಂದ ಆರು ವಾರ. ನಿಂತ ದಾಳಿಂಬೆಗೆ ಹಾಸಿದರೆ ಬೇರೂ ಬೇಯುತ್ತೆ. ನಿಂತ ತೋಟಕ್ಕೆ ಬೇವಿನ ಹಿಂಡಿ, ಸಾಲಿನ ನಡುವೆ ಚೆಂಡುಹೂವು ಹಾಕಿ. ಚೆಂಡುಹೂವಿನ ಬೇರಿನಲ್ಲಿ ಈ ಹುಳುವಿಗೆ ವಿಷ ಇದೆ. ಪೂರ್ತಿ ಹೋಗಲ್ಲ, ಕಡಿಮೆ ಆಗುತ್ತೆ.

ಟೊಮೆಟೊ ಹಾಕೋರಿಗೆ ಇನ್ನೊಂದು ಮಾತು, ಇದು ಈ ಚರ್ಚೆಗೂ ಸೇರುತ್ತೆ. ಟೊಮೆಟೊದಲ್ಲಿ ಎಂಐ ಅನ್ನೋ ಜೀನ್ ಇದ್ದರೆ ಗಂಟುಬೇರು ಹುಳು ಹತ್ತಲ್ಲ. ಬೀಜದ ಪೊಟ್ಟಣದ ಮೇಲೆ ದೊಡ್ಡದಾಗಿ ಹಾಕಿರ್ತಾರೆ. ಆದರೆ ಮಣ್ಣು 28 ಡಿಗ್ರಿ ದಾಟಿದರೆ ಆ ಜೀನ್ ಕೈಕೊಡುತ್ತೆ. ನಮ್ಮ ಕಡೆ ಬೇಸಿಗೆ ಟೊಮೆಟೊಗೆ ಅದರ ಮೇಲೆ ಜಾಸ್ತಿ ದುಡ್ಡು ಹಾಕೋಕೆ ಮೊದಲು ಯೋಚಿಸಿ.

ಬಳ್ಳಾರಿ_ಬಿಸಿಲು
ಜೀನ್ ಇದ್ದೂ ಕೆಲಸ ಮಾಡಲ್ಲ ಅಂದರೆ ಅದು ಜೀನಾ?

ಅಗ್ರಿ_ಹುಡುಗಿ
ಮನೆಯಲ್ಲಿ ಫ್ಯಾನ್ ಇದೆ, ಕರೆಂಟ್ ಹೋದಾಗ ತಿರುಗಲ್ಲ. ಅದು ಫ್ಯಾನಾ?

ಮಿರ್ಚಿ_ಮಂಡಕ್ಕಿ
😂😂 ಶಕ್ತಿನಗರದಲ್ಲಿ ವಿದ್ಯುತ್ ಹುಟ್ಟುತ್ತೆ, ನಮ್ಮನೆಯಲ್ಲಿ ಫ್ಯಾನ್ ನಿಂತಿರುತ್ತೆ.

ಹಳೇ_ಬೇರು
ದುಂಡುಹುಳು ಅಂದಕೂಡಲೇ ನಮ್ಮವ್ವನ ನೆನಪಾಯಿತು. ಲಿಂಗಸುಗೂರು ಕಡೆ ನಮ್ಮೂರಲ್ಲಿ ಮೆಟ್ಟಿಲು ಬಾವಿ ಇತ್ತು. ಅವ್ವನ ಕಾಲಲ್ಲಿ ನಾರು ಹುಣ್ಣು. ಕಣಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು ಬಿಳೀ ದಾರದ ಹಾಗೆ ಹುಳ ತಲೆ ಹಾಕಿತ್ತು. ಕಡ್ಡಿಗೆ ಸುತ್ತಿ ದಿನಾ ಒಂದು ಸುತ್ತು ಎಳೆಯೋರು. ಜಾಸ್ತಿ ಎಳೆದರೆ ಕಿತ್ತು ಒಳಗೇ ಉಳಿಯುತ್ತೆ. ಉರಿ ತಡೆಯದೆ ಅವ್ವ ಓಡಿ ಹೋಗಿ ಬಾವಿ ನೀರಲ್ಲಿ ಕಾಲು ಇಳಿಬಿಡುತ್ತಿದ್ದಳು. ತಣ್ಣಗಾಗುತ್ತಿತ್ತಂತೆ.

ರಾಯಚೂರು_ಮೇಷ್ಟ್ರು
ಹುಳಕ್ಕೆ ಬೇಕಾಗಿದ್ದೂ ಅದೇ. ಉರಿ ಹುಟ್ಟಿಸಿ ನಮ್ಮನ್ನು ತಣ್ಣೀರಿಗೆ ಓಡಿಸುತ್ತೆ. ಕಾಲು ನೀರಿಗೆ ಬಿದ್ದ ತಕ್ಷಣ ಸಾವಿರಾರು ಮರಿ ಬಿಡುತ್ತೆ. ನೀರಿನ ಸಣ್ಣ ಜೀವಿ ಅದನ್ನು ತಿನ್ನುತ್ತೆ, ಆ ನೀರನ್ನು ನಾವು ಕುಡೀತೀವಿ. ಇಲ್ಲಿ ತಂಪು ಹುಡುಕಿದ್ದು ಹುಳು ಅಲ್ಲ, ಮನುಷ್ಯ! ನೀರು ಸೋಸಿ ಕುಡಿಯೋದು, ಬಾವಿಗೆ ಇಳಿಯದ ಹಾಗೆ ಕಟ್ಟೆ ಕಟ್ಟೋದು, ಮುಖ್ಯವಾಗಿ ಇಂಥದ್ದರಿಂದಲೇ ರೋಗ ಹೋಯಿತು. ಭಾರತದ ಕೊನೇ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ದೇಶ ನಾರು ಹುಣ್ಣು ಮುಕ್ತ ಅಂತ ಘೋಷಣೆ ಆಯಿತು.

ಗಂಗಾವತಿ_ಭತ್ತ
ವಿಷಯಕ್ಕೆ ಬನ್ನಿ ಸ್ವಾಮಿ. ಫ್ಯಾನ್ 2ಆ, 5ಆ?

ಸಿಂಧನೂರಿನವ
ಬಂದೆ. ಬಳ್ಳಾರಿಯವರಿಗೆ ಒಂದು ಉದಾಹರಣೆ ಬಾಕಿ ಇದೆ.

ಎಲೆಗನ್ಸ್‌ನ ಎರಡು ಹೆಸರುವಾಸಿ ತಳಿ ಇವೆ. ಒಂದು ಇಂಗ್ಲೆಂಡಿನ ಬ್ರಿಸ್ಟಲ್‌ನದ್ದು, ಹೆಸರು ಎನ್2. ಇನ್ನೊಂದು ಹವಾಯಿ ದ್ವೀಪದ್ದು. ಎರಡಕ್ಕೂ ಸುಡೋ ಬಿಸಿ ತೋರಿಸಿದರೆ ಬ್ರಿಸ್ಟಲ್ ಬೇಗ ಹಿಂದೆ ಸರಿಯುತ್ತೆ, ಹವಾಯಿಯದ್ದು ಇನ್ನೂ ಜಾಸ್ತಿ ಬಿಸಿ ತಾಗೋ ತನಕ ಜಗ್ಗಲ್ಲ. 2011ರಲ್ಲಿ ಇದರ ಬೆನ್ನು ಹತ್ತಿದವರಿಗೆ ಸಿಕ್ಕಿದ್ದು ಎನ್‌ಪಿಆರ್-1 ಅನ್ನೋ ಒಂದು ಜೀನ್. ಪ್ರೋಟೀನು ಅಂದರೆ ಅಮೈನೊ ಆಸಿಡ್‌ಗಳ ಮಣಿಸರ ಇದ್ದ ಹಾಗೆ; ಈ ಜೀನ್‌ನ ಪ್ರೋಟೀನಿನಲ್ಲಿ 215ನೇ ಮಣಿ ಮಾತ್ರ ಬೇರೆ.

ಬಳ್ಳಾರಿ_ಬಿಸಿಲು
ಹವಾಯಿ ಬಿಸಿ ನಾಡು, ಇಂಗ್ಲೆಂಡ್ ತಂಪು ನಾಡು. ನಾನು ಇನ್ನೇನು ಹೇಳಬೇಕು!

ಸಿಂಧನೂರಿನವ
ಅಲ್ಲೇ ಎಡವೋದು. ಬ್ರಿಸ್ಟಲ್ ಹುಳುವಿನ ಆ ಬದಲಾವಣೆ ಇಂಗ್ಲೆಂಡಿನ ಚಳಿಯಲ್ಲಿ ಆದದ್ದೇ ಅಲ್ಲ. 1951ರಲ್ಲಿ ಗೊಬ್ಬರದಿಂದ ತಂದದ್ದು. ಫ್ರೀಜರ್‌ನಲ್ಲಿ ಇಟ್ಟದ್ದು 1969ರಲ್ಲಿ. ನಡುವೆ ಅಷ್ಟು ವರ್ಷ ಲ್ಯಾಬಿನ ತಟ್ಟೆಯಲ್ಲೇ ಸಾಕಿದರು. ಆ ಕಾಲದಲ್ಲಿ, ಲ್ಯಾಬಿನ ಒಳಗೇ ಆ ಒಂದು ಮಣಿ ಬದಲಾಯಿತು. ಹೊರಗಿನ ಕಾಡು ಹುಳುಗಳು ಎಲ್ಲ ಊರಲ್ಲೂ ಹವಾಯಿಯದ್ದರ ಥರವೇ, ತಂಪು ನಾಡಿನವೂ ಸೇರಿ. ಅದೂ ಅಲ್ಲದೆ ಈ ಜೀನ್ ಬರೀ ಬಿಸಿಗೆ ಇರೋದಲ್ಲ. ಊಟದ ಹತ್ತಿರ ಹುಳುಗಳು ಗುಂಪು ಕಟ್ಟಬೇಕಾ, ಚದುರಬೇಕಾ ಅನ್ನೋದಕ್ಕೂ ಅದೇ ಜೀನ್. ಎನ್2 ಒಂಟಿಯಾಗಿ ಉಣ್ಣುತ್ತೆ, ಕಾಡಿನವು ಪಂಕ್ತಿಯಲ್ಲಿ. ಹಾಸ್ಟೆಲ್‌ನಲ್ಲಿ ಬೆಳೆದ ಹುಡುಗನನ್ನು ನೋಡಿ ಅವನ ಊರಿನ ಗುಣ ಹೇಳಿದ ಹಾಗಾಯಿತು.

ನನ್ನ ಅನುಭವ ಒಂದು. ಒಂದು ಭಾನುವಾರ ಕರೆಂಟ್ ಹೋಗಿ ನಮ್ಮ ಇನ್‌ಕ್ಯುಬೇಟರ್ (ಹುಳು ಸಾಕೋಕೆ ಒಂದೇ ಬಿಸಿ ಕಾಯೋ ಪೆಟ್ಟಿಗೆ) ಕೆಟ್ಟು ಒಳಗೆ 29 ಆಗಿತ್ತು. ಸೋಮವಾರ ನೋಡಿದರೆ ಎನ್2 ತಟ್ಟೆಗಳಲ್ಲಿ ಹೊಸ ಮೊಟ್ಟೆ ಹೆಚ್ಚುಕಡಿಮೆ ಇಲ್ಲ. 25 ದಾಟಿದರೆ ಅದಕ್ಕೆ ಕಷ್ಟ. ಪಕ್ಕದಲ್ಲೇ ಅಹಮದಾಬಾದಿನ ಎಎಫ್16 ಇತ್ತು, ಅದರಲ್ಲಿ ಮರಿಗಳು ಓಡಾಡುತ್ತಿದ್ದವು. ಆರು ತಿಂಗಳ ಕೆಲಸ ಹೋಯಿತು. ಆದರೂ ಅದನ್ನು ನೋಡಿ ಒಂದು ಕ್ಷಣ ಹೆಮ್ಮೆ ಆಯಿತು, ಯಾಕೋ ಗೊತ್ತಿಲ್ಲ.

ಬಳ್ಳಾರಿ_ಬಿಸಿಲು
ಆ ಹೆಮ್ಮೆಯೇ ನಾನು ಹೇಳುತ್ತಿರೋದು. ಸರಿ ಬಿಡಿ, ಅರ್ಧ ಒಪ್ಪಿದೆ.

ಕೊಪ್ಪಳದ_ಸೊಸೆ
ನನಗೆ ಅರ್ಥ ಆಗಿದ್ದು ಇದು. ಇಷ್ಟೇ ಡಿಗ್ರಿ ಬೇಕು ಅಂತ ಹುಳು ಹುಟ್ಟುವಾಗ ಬರೆದುಕೊಂಡು ಬರಲ್ಲ. ಅದನ್ನು ಬೆಳೆಯುತ್ತಾ ಕಲಿಯುತ್ತೆ. ಎಷ್ಟು ಹಠವಾಗಿ ಅದನ್ನು ಹಿಡಿದುಕೊಳ್ಳುತ್ತೆ, ಯಾವಾಗ ಓಡುತ್ತೆ ಅನ್ನೋದು ತಳಿಗೊಂದು ಥರ. ಸರಿನಾ?

ಸಿಂಧನೂರಿನವ
ನನ್ನ ಗೈಡ್ ಇದನ್ನು ಹೇಳೋಕೆ ನಲವತ್ತು ಸ್ಲೈಡ್ ತಗೊಂಡಿದ್ದರು.

ರಾಯಚೂರು_ಮೇಷ್ಟ್ರು
ಸರಿ. ಮನುಷ್ಯರಿಗೆ ಹಾಗೇ ಅಂಟಿಸಬೇಡಿ ಅಷ್ಟೇ. ಸೆಕೆಯಲ್ಲಿ ದುಡಿದರೆ ಒಂದೆರಡು ವಾರದಲ್ಲಿ ಯಾರ ಮೈಯಾದರೂ ಹೊಂದಿಕೊಳ್ಳುತ್ತೆ, ಬೆವರು ಬೇಗ ಬರುತ್ತೆ, ಎದೆಬಡಿತ ಇಳಿಯುತ್ತೆ. ತಂಪಿನಲ್ಲಿ ಕೂತರೆ ಅದು ಹೋಗುತ್ತೆ ಕೂಡ. ನಿಮ್ಮ ಮನೆಯಲ್ಲಿ ಅತ್ತೆ ಒಲೆ ಮುಂದೆ, ನೀವು ಕೂಲರ್ ಮುಂದೆ. ಇಬ್ಬರೂ ಒಂದೇ ಬಿಸಿಯಲ್ಲಿ ಬೆಳೆದಿಲ್ಲ, ಈಗ ಇರೋದೂ ಒಂದೇ ಬಿಸಿಯಲ್ಲಿ ಅಲ್ಲ. ಹಾಗಾಗಿ ಈ ಪ್ರಯೋಗ ಲೆಕ್ಕಕ್ಕೇ ಇಲ್ಲ, ಯಾರೂ ಗೆದ್ದಿಲ್ಲ.

ಕೊಪ್ಪಳದ_ಸೊಸೆ
ಇದನ್ನು ಓದಿ ಹೇಳಿದ್ದೇ ತಪ್ಪಾಯಿತು. ನಾಳೆಯಿಂದ ರೊಟ್ಟಿ ನಾನು ಬಡಿಯಬೇಕಂತೆ, ಅತ್ತೆ ಕೂಲರ್ ಮುಂದೆ ಕೂರ್ತಾರಂತೆ. ಎರಡು ವಾರ. ಪ್ರಯೋಗ ಅಂತೆ.

ಮಿರ್ಚಿ_ಮಂಡಕ್ಕಿ
ರೊಟ್ಟಿ ಗುಂಡಗೆ ಬಂದರೆ ಫೋಟೊ ಹಾಕಿ. ಹುಳುವಿನ ಬಳೆ ಜೊತೆ ಹೋಲಿಸಿ ನೋಡೋಣ.

ದಾಳಿಂಬೆ_ತೋಟ
ಅಗ್ರಿ ತಂಗಿ, ಸೋಮವಾರ ಮಣ್ಣು ತರ್ತೀನಿ. ಒದ್ದೆ ಗೋಣಿ ಸಾಕಾ, ಇಲ್ಲಾ ಥರ್ಮಕೋಲ್ ಡಬ್ಬಿಯಲ್ಲಿ ಐಸ್ ಹಾಕಲಾ?

ಅಗ್ರಿ_ಹುಡುಗಿ
ಐಸ್ ಬೇಡ ಅಣ್ಣಾ, ಅದಕ್ಕೆ ಚಳಿಯೂ ಆಗಬಾರದು. ಗೋಣಿ ಸಾಕು. ದಾರಿಯಲ್ಲಿ ಮದುವೆ ಇದೆಯಾ ಮೊದಲೇ ನೋಡ್ಕೊಳ್ಳಿ.